ಆಯ್ದ ಹದಿನಾರು

ಗನ್ನೆಡಾದ ಪೆಟ್ರೋಲ್ ಬಂಕಿನಲ್ಲಿ
ಬಿಸಿ ಪೈ ಇಡುವ ಗಾಜಿನ ಪೆಟ್ಟಿಗೆಯ ಪಕ್ಕ
ಒಂದು ತಂತಿಬುಟ್ಟಿ; ಅದರೊಳಗೆ ನಾನು.
ಮೊದಲು ಐದು ಡಾಲರು. ಅದರ ಮೇಲೆ ಕೆಂಪು ಚೀಟಿ: ಮೂರು.

ಇಪ್ಪತ್ತೊಂಬತ್ತರ ಮುಖ. ಹ್ಯಾಟು ಅವರದು,
ಕುದುರೆಯೂ ಅವರದೇ, ಅರ್ಧ ದಿನದ ಬಾಡಿಗೆಗೆ ತಂದದ್ದು.
ನಾನು ಕುದುರೆ ಹತ್ತಿದವಳೇ ಅಲ್ಲ;
ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದ.
ಕೆಳಗೆ ಹೊಳೆವ ಅಕ್ಷರ:
ಕೊರಾಲಿ ಟ್ರಾಂಟರ್, ಆಯ್ದ ಹದಿನಾರು.

ಆಯ್ದವರು ಯಾರಪ್ಪ?
ಅಕ್ಕಿಯಲ್ಲಿ ಕಲ್ಲು ಆರಿಸುವವರು ಕೂಡ
ಮೊರವನ್ನು ಬೆಳಕಿಗೆ ಹಿಡಿಯುತ್ತಾರೆ.
ನನ್ನ ಕಂಪನಿ, ಅಲ್ಲ, ನನ್ನದಾಗಿದ್ದ ಕಂಪನಿ,
ಹತ್ತೊಂಬತ್ತು ವರ್ಷದ ಹಿಂದೆ ನನ್ನ ಕೈಬಿಟ್ಟದ್ದು
ಮೂರು ಸಾಲಿನ ಪತ್ರದಲ್ಲಿ. ಅದರಲ್ಲೂ ಒಂದು ಸಾಲು
ಹವಾಮಾನದ ಬಗ್ಗೆ.
ಈಗ, ಬಿಟ್ಟ ಹೆಂಡತಿಯ ಬಟ್ಟೆಬರೆ ತಂದು
ಸಂತೆಯಲ್ಲಿ ಹರಡಿದ ಹಾಗೆ.

ಸಹಿ ಹಾಕಿದ್ದು ನಾನೇ, ಒಪ್ಪಿದೆ.
ಟ್ಯಾಮ್‌ವರ್ತಿನ ಒಂದು ಪಬ್ಬಿನ ಹಿತ್ತಿಲಲ್ಲಿ,
ಬಿಯರ್ ಪೀಪಾಯಿಯ ಮೇಲೆ ಕಾಗದ ಹರವಿ, ಇಪ್ಪತ್ತನಾಲ್ಕಕ್ಕೆ.
'ಶಾಶ್ವತವಾಗಿ' ಎಂದಿತ್ತು ಆರನೆಯ ಪುಟದಲ್ಲಿ.
ಆ ವಯಸ್ಸಿಗೆ ಶಾಶ್ವತ ಎಂದರೆ
ಬರುವ ಭಾನುವಾರದ ತನಕ.

ಒಳಪುಟದಲ್ಲಿ ನನ್ನ ಬಗ್ಗೆ ಬರೆದಿದ್ದಾರೆ:
'ಹಾಡುತ್ತಿದ್ದರು.' 'ಅಪಾರ ಜನಪ್ರೀತಿ ಗಳಿಸಿದ್ದರು.'
ಒಂದೊಂದು ಕ್ರಿಯಾಪದಕ್ಕೂ ಬಿಳಿ ಬಟ್ಟೆ ಹೊದಿಸಿ
ಮಲಗಿಸಿದ್ದಾರೆ.
ಸ್ವಾಮಿ, ನಾನು ಇಲ್ಲೇ ಇದ್ದೇನೆ, ಮೂರನೆಯ ಪಂಪಿನ ಹತ್ತಿರ
ಶಾಲೆಯ ಬಸ್ಸಿಗೆ ಡೀಸೆಲ್ ತುಂಬಿಸಿ ಬಂದವಳು.
ಚಿಲ್ಲರೆ ಎಣಿಸಿದ ಹುಡುಗ ತಲೆಯೆತ್ತಲಿಲ್ಲ.
'ನಮ್ಮಜ್ಜಿ ಕೇಳುತ್ತಿದ್ದರು ಇವರನ್ನ' ಎಂದ.
ಅವನದೂ ಭೂತಕಾಲ.

ಬಸ್ಸಿನಲ್ಲಿ ಹಾಕಿದೆ. ಮಕ್ಕಳು ಬರಲು ಇನ್ನೂ ನಲವತ್ತು ನಿಮಿಷ.
ಮೊದಲನೆಯದು ಅದೇ, ಮದುವೆಗಳಲ್ಲಿ ಎಲ್ಲರೂ ಕೇಳುವ ಅದೇ.
ಎರಡನೆಯದರಲ್ಲಿ ಪಿಟೀಲು ಹೆಚ್ಚಾಯಿತೆಂದು ಅಂದು ಜಗಳವಾಡಿದ್ದೆ;
ಈಗಲೂ ಹೆಚ್ಚು.
ಅಮ್ಮ ಸತ್ತ ವಾರ ಬರೆದದ್ದು ಇಲ್ಲ.
ಬಿಸ್ಕತ್ತಿನ ಜಾಹೀರಾತಿಗೆ ಹಾಡಿದ್ದು ಇದೆ.

ಹನ್ನೊಂದನೆಯದು. ಹಾಡಿಗೆ ಮುಂಚೆ ಒಂದಿಷ್ಟು ಖಾಲಿ.
ಕುರ್ಚಿ ಕಿರುಗುಟ್ಟಿತು. ಆಮೇಲೆ ನೆವ್,
ಸ್ಟೀಲ್ ಗಿಟಾರಿನ ಹಿಂದಿನಿಂದ, ಗಂಟಲು ಸರಿಮಾಡಿಕೊಳ್ಳದೆ:
'ಕೊರಿ, ನಿನ್ನ ಟೀ ಆರ್ತಾ ಇದೆ ನೋಡು.'
ನಾನು ನಕ್ಕೆ, ಅಲ್ಲಿ, ಆಗ.
ಒಂದು, ಎರಡು, ಮತ್ತೆ ಹಾಡು.

ನೆವ್ ಹೋಗಿ ಏಳು ವರ್ಷ.
ಮನೆಯಲ್ಲಿ ಅವನ ಎರಡು ಶರ್ಟಿವೆ, ಮೀನಿನ ಗಾಳವಿದೆ,
ಕಣ್ಣು ಮುಚ್ಚಿದ ಎಂಟು ಫೋಟೋಗಳಿವೆ. ದನಿ ಇರಲಿಲ್ಲ.
ಅವನು ಹಾಡುವವನಲ್ಲ, ಮಾತೂ ಕಡಿಮೆ.
ನನ್ನ ದನಿ ಹಿಡಿಯಲು ಮೈಲುಗಟ್ಟಲೆ ಟೇಪು ಸುತ್ತಿದರು;
ಎದುರಿಗೆ ಕೂತವನ ದನಿಯನ್ನು
ಯಾರೂ ಕೇಳಿ ಪಡೆದಿರಲಿಲ್ಲ. ನಾನೂ.

ಈ ಆರು ಸೆಕೆಂಡು ಕತ್ತರಿಸದೆ ಬಿಟ್ಟವರು ಯಾರು?
ಸಿಡ್ನಿಯಲ್ಲಿ ಯಾವನೋ, ಊಟದ ಹೊತ್ತು ಮೀರಿ,
ಹೆಡ್‌ಫೋನ್ ಸಿಕ್ಕಿಸಿಕೊಂಡೇ ತೂಕಡಿಸಿದನೋ,
ಇಲ್ಲ, ಕೇಳಿ, ಕೈ ತಡೆದು, ಇರಲಿ ಅಂದನೋ.
ಸೋಮಾರಿತನವೇ ಆಗಿದ್ದರೆ
ಆ ಸೋಮಾರಿತನಕ್ಕೊಂದು ದೊಡ್ಡ ನಮಸ್ಕಾರ.
ವಕೀಲರಿಗೆ ಬರೆಯಬೇಕೆಂದಿದ್ದ ಪತ್ರದ ಮೊದಲ ಸಾಲು
ಮರೆತೇಹೋಯಿತು.
ಎರಡನೆಯದು ನೆನಪಿದೆ. ಬರೆಯುತ್ತೇನೆ, ಆ ಮಾತು ಬೇರೆ.

ಹಿಂದಕ್ಕೆ ತಿರುಗಿಸಿದೆ. ಮತ್ತೆ ಹಿಂದಕ್ಕೆ.
ಪ್ರತಿಸಲವೂ ಹಾಡು ಶುರುವಾಗುವ ಮುನ್ನ ನಿಲ್ಲಿಸಿದೆ.
ಅಷ್ಟರಲ್ಲಿ ಗೇಟಿನ ಬಳಿ ಮಕ್ಕಳು,
ಚೀಲಗಳ ದಬದಬ, ಕಿಟಕಿ ಸೀಟಿಗೆ ಜಗಳ.
ನನ್ನ ಹಿಂದೆ ಕೂತ ಟೆಗನ್ ಕೇಳಿದಳು:
'ಯಾರ ಟೀ?'
'ನಂದು' ಎಂದೆ. ಗೇರು ಹಾಕಿದೆ.
ಆವತ್ತು ಅದನ್ನು ಕುಡಿದೆನೋ ಇಲ್ಲವೋ,
ರೈಲ್ವೆ ಹಳಿ ದಾಟುವ ತನಕ
ಯೋಚಿಸಿದೆ.