ತಾಂತ್ರಿಕ ಕಾರಣ

ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ.
ಟೈರಂಗಡಿಗೂ ಗ್ಲಾಸಂಗಡಿಗೂ ನಡುವೆ
ಇದಿನಬ್ಬನ ಕೆಫೆಟೇರಿಯಾ.
ಒಂದೂವರೆ ದಿರ್ಹಮಿಗೆ ಒಂದು ಕಡಕ್ ಚಾ,
ಸುದ್ದಿ ಪುಕ್ಕಟೆ.

ಓದುವವನು ಸಿಪ್ರಿಯನ್, ಪೇಂಟರ್.
ಬಣ್ಣ ಮೆತ್ತಿದ ಅವನ ಹೆಬ್ಬೆಟ್ಟನ್ನು
ಅವನದೇ ಫೋನು ಗುರುತಿಸುವುದಿಲ್ಲ.
ನಾಲ್ಕು ಸಲ ಅಂಗಿಗೆ ಒರೆಸಿ
ನಮಗೆಲ್ಲ ಗೊತ್ತಿರುವ ಗುಟ್ಟಿನ ನಂಬರು ಒತ್ತಿ
ಗಂಟಲು ಸರಿಮಾಡಿಕೊಳ್ಳುತ್ತಾನೆ:

"ಹಾರುವ ಟ್ಯಾಕ್ಸಿ ಬರುತ್ತದಂತೆ."
"ಬರಲಿ ಮಾರಾಯ," ಅಂದರು ಲೋಕಯ್ಯಣ್ಣ,
ಇಪ್ಪತ್ತಾರು ವರ್ಷ ಟ್ರೈಲರ್ ಓಡಿಸಿದವರು,
"ನೆಲದ ಜಾಮಿನಲ್ಲಿ ಕೂತವನಿಗೆ
ತಲೆಯ ಮೇಲೂ ಒಂದು ಜಾಮು.
ಗಾಡಿ ಅಲ್ಲೇ ಕೆಟ್ಟು ನಿಂತರೆ
ಜಾಕ್ ಕೊಡುವುದು ಯಾವುದಕ್ಕೆ, ಚಂದ್ರನಿಗಾ?"

"ಡ್ರೈವರ್ ಇಲ್ಲದ ಲಾರಿ."
"ಸಿಗ್ನಲ್ ಹಾರಿದರೆ ದಂಡ
ಯಾರ ಸಂಬಳದಲ್ಲಿ ಮುರಿಯುತ್ತಾರೆ?"

"ಮನುಷ್ಯರ ಕೆಲಸವೆಲ್ಲ ಮಾಡುವ ರೋಬೋಟು."

ಇದಕ್ಕೆ ಒಂದು ಗಳಿಗೆ
ಪರಾಟದ ಕಾವಲಿ ಮಾತ್ರ ಮಾತಾಡಿತು.
ಆಮೇಲೆ ಇದಿನಬ್ಬ, ಹಾಲಿನ ಡಬ್ಬಿಗೆ
ಚೂರಿಯಲ್ಲಿ ಎರಡು ತೂತು ಕುಟ್ಟುತ್ತ:
"ವೀಸಾ ಯಾರು ತೆಗೆಯುವುದು ಅದಕ್ಕೆ?
ಮೆಡಿಕಲ್ಲಿಗೆ ರಕ್ತ ಎಲ್ಲಿಂದ?
ಪಾಸ್‌ಪೋರ್ಟು ಯಾರ ಕಪಾಟಿನಲ್ಲಿ?"
"ತಂಗಿಯ ಮದುವೆ ಇಲ್ಲ, ಮನೆಸಾಲ ಇಲ್ಲ,
ಜೂನ್ ಬಿಸಿಲಲ್ಲಿ ಓವರ್‌ಟೈಮು
ಯಾವ ಕರ್ಮಕ್ಕೆ ಮಾಡುತ್ತದೆ ಅದು?
ಮೂರೇ ದಿನ. ಆಮೇಲೆ ಕೈಕೊಡುತ್ತದೆ, ಬರೆದಿಟ್ಟುಕೊಳ್ಳಿ."

ನಾನು ಸುಮ್ಮನೆ ಚಾ ಕುಡಿಯುತ್ತೇನೆ.
ನನ್ನದು ಏಸಿ ರಿಪೇರಿ;
ಹೊಟ್ಟೆಪಾಡು ಮೋಡದ ಮೇಲೆ.
ಎಲ್ಲವೂ ಮೋಡದಲ್ಲಿದೆಯಂತಲ್ಲ ಈಗ,
ಮಗುವಿನ ಫೋಟೋ, ತಿಂಗಳ ಪಗಾರ,
ಹಾರದಿರುವ ಟ್ಯಾಕ್ಸಿಯ ಬುದ್ಧಿ,
ಆ ಮೋಡವನ್ನು ಮುಟ್ಟಿ ಬಲ್ಲವನು ನಾನು.
ಸಜಾ ಕಡೆಯ ದಾರಿಯಲ್ಲಿ
ಕಿಟಕಿಯಿಲ್ಲದ ಒಂದು ಬಿಳಿ ಶೆಡ್ಡು.
ಒಳಗೆ ಸಾಲು ಸಾಲು ಕಪಾಟು, ಕೆಣಕಿದ ಹೆಜ್ಜೇನಿನ ಗುಂಯ್.
ಮೋಡಕ್ಕೆ ಬಹಳ ಸೆಕೆ.
ಅದು ಬೆವರಬಾರದೆಂದು
ತಗಡಿನ ಮೇಲೆ ಕುಕ್ಕರಗಾಲಲ್ಲಿ ಕೂತು
ನಾನು ಬೆವರುತ್ತೇನೆ.

ಹೋದ ಮಂಗಳವಾರ ರಾತ್ರಿ ಎರಡಕ್ಕೆ ಫೋನು:
"ಮೋಡ ಬಿದ್ದಿದೆ, ಬೇಗ ಬಾ."
ಏಣಿ ಹತ್ತಿದೆ, ಬಾಯಲ್ಲಿ ಟಾರ್ಚು.
ಒಂದನೇ ಯಂತ್ರ ಸುಟ್ಟಿತ್ತು.
ಎರಡನೆಯದು, ಆಪತ್ತಿಗೆಂದೇ ಆರು ತಿಂಗಳಿಂದ
ಸುಮ್ಮನೆ ಕೂತು ಸಂಬಳ ತಿಂದದ್ದು,
ಗುರ್ರೆಂದು ಮುನಿದು ನಿಂತಿತ್ತು.
ಜಾಲರಿ ಬಿಚ್ಚಿದೆ. ರೆಕ್ಕೆಗಳ ನಡುವೆ
ತಾಮ್ರದ ತಂತಿ, ಕೇಬಲ್ ಟೈ, ಖರ್ಜೂರದ ನಾರು,
ಅದರ ಮೇಲೊಂದು ಬೆಳವ.
ಮೀಟಿಂಗಿನ ನಡುವೆ ಬಾಗಿಲು ತೆರೆದವನನ್ನು
ಮ್ಯಾನೇಜರು ನೋಡುವ ಹಾಗೆ ನೋಡಿತು.
ಅಡಿಯಲ್ಲಿ ಎರಡು ಮೊಟ್ಟೆ.

ಕೆಳಗಿನಿಂದ ಕೂಗು: "ಏನಾಯ್ತು? ಏನಾಯ್ತು?"
ಅರ್ಧ ಊರಿನ ಕಾರ್ಡು ಉಜ್ಜುತ್ತಿಲ್ಲ,
ಬಾಗಿಲು ತೆರೆಯುತ್ತಿಲ್ಲ, ಗಾಡಿಗೆ ದಾರಿ ತಿಳಿಯುತ್ತಿಲ್ಲ.
ನಾನು ಕೆಪಾಸಿಟರಿನ ಖಾಲಿ ರಟ್ಟಿನ ಡಬ್ಬಿಗೆ
ಗೂಡನ್ನು ಇಡಿಯಾಗಿ ಜಾರಿಸುತ್ತಿದ್ದೆ,
ಉಸಿರು ಕಟ್ಟಿ, ಬಸುರಿಯನ್ನು ದೋಣಿ ಹತ್ತಿಸುವಂತೆ.
ನೀರಿನ ಟಾಂಕಿಯ ಹಿಂದೆ ನೆರಳಿತ್ತು, ಅಲ್ಲಿಟ್ಟೆ.
ಆಮೇಲೆ ಸ್ವಿಚ್ಚು.
ಮೋಡ ಎದ್ದು ಕೂತಿತು.

ಮರುದಿನ ಸಂಜೆ ಸಿಪ್ರಿಯನ್ ಓದಿದ:
"ತಾಂತ್ರಿಕ ಕಾರಣದಿಂದ ಮೂರು ತಾಸು ಸ್ಥಗಿತ.
ಹೊರದೇಶದ ಕೈವಾಡ
ತಳ್ಳಿಹಾಕುವಂತಿಲ್ಲ, ತಜ್ಞರ ಅಭಿಪ್ರಾಯ."
ಲೋಕಯ್ಯಣ್ಣ ತಲೆದೂಗಿದರು,
ಜೀವಮಾನದಲ್ಲಿ ಮೊದಲ ಬಾರಿ ಒಂದು ಸುದ್ದಿಗೆ:
"ಇರಬಹುದು. ದೊಡ್ಡ ತಲೆಯೇ ಇದರ ಹಿಂದೆ."

"ಅಷ್ಟು ದೊಡ್ಡದಲ್ಲ," ಅಂದೆ, ಹೆಬ್ಬೆಟ್ಟು ತೋರಿಸಿ.
ಹೇಳಿದೆ ಎಲ್ಲ. ಏಣಿ, ಟಾರ್ಚು, ಬೆಳವ,
ಮೊಟ್ಟೆ ಎರಡು ಎಂದು ಎರಡು ಸಲ ಹೇಳಿದೆ.

ಯಾರೂ ಮಾತಾಡಲಿಲ್ಲ.
ಇದಿನಬ್ಬ ನನ್ನ ಗ್ಲಾಸು ಎತ್ತಿಕೊಂಡ:
"ಹಾರುವ ಟ್ಯಾಕ್ಸಿಯನ್ನಾದರೂ ನಂಬಬಹುದು.
ಚಾದ ದುಡ್ಡು ಇಡು."