ತಿಳಿ

ಸಾಲಿ ಕಪಾಟಿನ ಸುಣ್ಣದ ನೀರಿನ ಬಾಟ್ಲಿ
ಒಣಗಿ, ಬಿಳಿ ಚಕ್ಕಿಯಾಗಿ ತಳಕ್ಕ ಹತ್ತಿತ್ತು.
ಹೊಂಬಳ ಮಾಸ್ತರು ಅದನ್ನ ಕಿವಿ ಹತ್ರ ಅಲ್ಲಾಡಿಸಿ
'ಏ ಸುಣಗಾರ, ನಿಮ್ಮ ಮನ್ಯಾಗ ಸುಣ್ಣ ಸಿಗತೈತೇನು?' ಅಂದ್ರು.
ಒಂಬತ್ತನೇ 'ಬ' ವರ್ಗ ಪೂರಾ ನಕ್ಕಿತು.
ಸುಣಗಾರರ ಮನ್ಯಾಗ ಮತ್ತೇನು ಸಿಗಬೇಕು.
ನನಗೂ ನಗು ಬರಬೇಕಾಗಿತ್ತು. ಬರಲಿಲ್ಲ.

ಬೆಟಗೇರಿ ಹಿತ್ತಲದಾಗ ನಮ್ಮಾಯಿ
ಸುಟ್ಟ ಸುಣ್ಣಕ್ಕ ನೀರು ಹೊಡಿಯೂ ಹೊತ್ತಿಗೆ
ನಾವು ಹುಡುಗರು ಎರಡು ಮಾರು ದೂರ ನಿಲ್ಲಬೇಕು.
ಕಲ್ಲು ಮೊದಲು ಸುಮ್ಮನ ಕುಡೀತೈತಿ.
ಆಮ್ಯಾಲೆ ಒಳಗೊಳಗ ಗೊಣಗತೈತಿ,
ಬಿರೀತೈತಿ, ಹಬೆ ಬಿಡತೈತಿ,
ಕಟಿಗಿಲ್ಲದ, ಬೆಂಕಿಲ್ಲದ ಗುಂಡಿ ಕೊತಕೊತ ಕುದೀತೈತಿ.
'ಅರಳ್ತು' ಅಂತಾಳ ಆಯಿ,
ಮಲ್ಲಿಗಿಗೆ ಅನ್ನೂ ಮಾತು.
'ಎಷ್ಟು ನೀರು ಬೇಕಾಯಿ ಇದಕ್ಕ?'
'ಸಾಕು ಅನ್ನೂ ತನಕಾ.'
'ಸಾಕು ಅಂತ ಹೆಂಗ ಅಂತೈತಿ?'
'ಸುಮ್ಮನಾಕ್ಕೈತಿ.'

ಪುಸ್ತಕದಾಗೂ ಹಂಗ ಐತಿ: ಅರಳಿದ ಸುಣ್ಣ.
ಅದರ ಬಾಜೂಕ ಒಂದು ಸೂತ್ರ,
ಕಂಸದ ಹೊರಗ, ಕಾಲ ಬುಡಕ
ಕುಂತಲ್ಲೇ ಕುಂತ ಸಣ್ಣದೊಂದು ಎರಡು.
ಆ ಎರಡು ಅಲ್ಲಿ ಯಾಕ ಕುಂತೈತಿ ಅಂತ
ಭಾಳ ದಿನ ನನಗ ತಿಳೀಲಿಲ್ಲ.

ರಾತ್ರಿ ತಂಬಗಿಯೊಳಗ ಒಂದು ಮುಷ್ಟಿ ಸುಣ್ಣ ಕದಡಿಟ್ಟೆ.
ಮುಂಜಾನೆ ಬಿಳುಪೆಲ್ಲ ತಳದಾಗ, ಮ್ಯಾಲೆ ಬರೇ ತಿಳಿ.
ಅಜ್ಜನ ಹಳೇ ಧೋತರದ ಚೂರಿನಾಗ ಸೋಸಿ
ಕೆಮ್ಮಿನ ಔಷಧದ ಬಾಟ್ಲಿಗೆ ತುಂಬಿದೆ.
'ಬಾಯಿ ಬಿಗಿಯಾಗಿ ಕಟ್ಟು, ಗಾಳಿ ತಿಂದ್ರ ಕೆನಿಗಟ್ಟತೈತಿ'
ಅಂದ್ಲು ಆಯಿ, ಒಂದಕ್ಷರ ಓದಿಲ್ಲದಾಕಿ.

ಪ್ರಯೋಗ ನಾಲ್ಕು.
ಫಲಿತಾಂಶ ನಿನ್ನೇನ ಬರಿಸಿ ಮುಗಿದಿತ್ತು:
'ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ.'
ಇನ್ನ ಆಗೂದೊಂದು ಬಾಕಿ.
'ಯಾರು ಊದ್ತೀರಿ?' ಅಂತ ಕೇಳಿ, ತಾವ ಹುಡುಕಿ,
'ಭಜಂತ್ರಿ, ಊದಾಕ ನೀನ ಸೈ ಬಾ' ಅಂದ್ರು ಮಾಸ್ತರು.
ವರ್ಗ ಮತ್ತ ನಕ್ಕಿತು.
ಕಡೀ ಬೆಂಚಿನ ಯಮನೂರಪ್ಪ,
ಲಗ್ನದ ಸುಗ್ಗಿಯೊಳಗ ಹಾಜರಿ ಇಲ್ಲದಂವ,
ಅಪ್ಪನ ಬೆನ್ನಿಗೆ ನಿಂತು ಸನಾದಿಗೆ ಶ್ರುತಿ ಹಿಡಿಯಂವ,
ಎದ್ದು ಬಂದು
ರೀಫಿಲ್ಲಿನ ಖಾಲಿ ಕೊಳವಿ ತುಟಿಗಿಟ್ಟ.

ಗುಳ್ಳಿ, ಗುಳ್ಳಿ, ಗುಳ್ಳಿ.
ಪ್ರನಾಳದಾಗ ಮೊದಲು ಮಂಜು, ಆಮ್ಯಾಲೆ ಮಜ್ಜಿಗಿ,
ಆಮ್ಯಾಲೆ ಖರೇನ ಹಾಲು.
'ಸಾಕು' ಅಂದ್ರು ಮಾಸ್ತರು. ಗಂಟಿ ಆತು.
ಎಲ್ಲಾರೂ ತಾಟು ಹಿಡಕೊಂಡು ಬಿಸಿಯೂಟಕ್ಕ ಓಡಿದ್ರು.
ಅಂವ ನಿಲ್ಲಸಲಿಲ್ಲ.

ಬಾಟ್ಲಿ ಮನಿಗೆ ಒಯ್ಯಬೇಕಾಗಿತ್ತು, ಹಂಗಾಗಿ ನಾನೂ ನಿಂತೆ.
ಮೂಗಿಲೆ ಎಳೀತಾನ, ಬಾಯಿಲೆ ಬಿಡತಾನ,
ನಡುವ ಕಡಿಯೂದಂಬೂದಿಲ್ಲ.
ಗಲ್ಲ ಉಬ್ಬಿ ಎರಡು ಉಳ್ಳಾಗಡ್ಡಿ.
ಕಣ್ಣಾಗ ನೀರು.
'ಸಾಕಲೇ' ಅಂದೆ.
ಬೆರಳೆತ್ತಿ 'ತಡಿ' ಅಂದ.
ಹೊರಗ ಸಾರಿನ ವಾಸನಿ ಬಂತು, ಹೋತು,
ಕೈ ತೊಳಿಯೂ ಸಪ್ಪಳ ಬಂತು.

ಆಗ ಹಾಲು ತೆಳ್ಳಗಾತು.
ನನ್ನ ಕಣ್ಣಿಗೆ ನಂಬಿಕಿ ಬರಲಿಲ್ಲ.
ಪ್ರನಾಳದ ಆಚಿ ಕಡೆ ಅವನ ಹೆಬ್ಬೆರಳು ಕಂಡಿತು,
ಹೆಬ್ಬೆರಳಿನ ಗೆರಿ ಕಂಡುವು,
ಗೆರಿಯಾಚೆ ಕಿಟಕಿ ಸರಳು.

ಚಷ್ಮಾ ಮರತು ಹೊಳ್ಳಿ ಬಂದ ಮಾಸ್ತರು
ನೋಡಿದ್ರು. ಪುಸ್ತಕ ತೆಗೆದ್ರು. ಪುಟ ತಿರುವಿದ್ರು.
'ಇದು ನಮಗಿಲ್ಲ' ಅಂದ್ರು.
ಆಮ್ಯಾಲೆ ಸ್ಟೂಲಿನ ಮ್ಯಾಲೆ ಕುಂತು,
ಭಾಳ ಸಣ್ಣ ದನಿಯಾಗ:
'ತಮ್ಮಾ, ಇನ್ನೊಮ್ಮೆ ಊದ್ತಿಯೇನು?'

ಅಂವ ತಲಿ ಅಲ್ಲಾಡಿಸಿದ. ಉಸಿರು ಉಳಿದಿರಲಿಲ್ಲ.
ಬಿಸಿಯೂಟದ ಅನ್ನ ಖಾಲಿಯಾಗಿತ್ತು.
ನನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರದು ಕೊಟ್ಟೆ,
ತುಟಿ ಸುಣ್ಣ ಹತ್ತಿ ಒಡದಿದ್ವು, ಖಾರ ಚುರ್ ಅಂದಿರಬೇಕು,
ಆದ್ರೂ ತಿಂದ.

ನನ್ನ ಪಟ್ಟಿಯಾಗ ಫಲಿತಾಂಶದ ಕೆಳಗ
ಪೆನ್ಸಿಲ್ಲಿಲೆ ಒಂದು ಸಾಲು ಬರದೆ:
'ಇನ್ನೂ ಊದಿದ್ರ ತಿಳಿ ಆಕ್ಕೈತಿ.'
ಶನಿವಾರ ಪಟ್ಟಿ ತಿರುಗಿ ಬಂತು.
ಮಾಸ್ತರು ಕೆಂಪು ಶಾಯಿಲೆ
'ಆಕ್ಕೈತಿ' ಹೊಡದು 'ಆಗುತ್ತದೆ' ಅಂತ ತಿದ್ದಿದ್ರು.
ಉಳಿದದ್ದನ್ನ ಹಂಗ ಬಿಟ್ಟಿದ್ರು.