ತುಕ್ಕಿನ ಲೆಕ್ಕ

ಈ ಊರಲ್ಲಿ ಬೀಗಕ್ಕೆ ಆಯಸ್ಸು ಕಡಿಮೆ.
ಮೂರು ಮಳೆಗಾಲ, ಗಟ್ಟಿಯಿದ್ದರೆ ನಾಲ್ಕು.
ಬೈತಖೋಲದ ಕಡೆಯಿಂದ ಬರುವ ಉಪ್ಪುಗಾಳಿ
ಕೀಲಿತೂತಿಗೆ ನಾಲಿಗೆ ಹಾಕಿ ಕೂತುಬಿಡುತ್ತದೆ.
ಅದರಿಂದಲೇ ನನ್ನ ಗಂಜಿ; ದೂರುವಂತಿಲ್ಲ.

ಕೋಡಿಬಾಗದಲ್ಲಿ ಪಿಯೆದಾದ್‌ಬಾಯಿಯ
ಏಳನೇ ದಿನದ ಪೂಜೆ ಮುಗಿದ ಮಧ್ಯಾಹ್ನ
ಟ್ರಂಕು ತೆರೆಯಲು ನನ್ನ ಕರೆಸಿದರು.
ಮೂವರು ಮಕ್ಕಳು: ಇನಾಸ್, ಎಸ್ಪೆರಾನ್ಸ್, ಕಿರಿಯ ಲಿಗೋರ್.
ಕೀಲಿ ಯಾರ ಹತ್ತಿರವೂ ಇರಲಿಲ್ಲ,
ಮೂವರ ಕಣ್ಣಲ್ಲೂ ಇತ್ತು.

ಹಡಗಿನ ಕೆಲಸದ ಗಂಡ ಮುಂಬಯಿಯಿಂದ ಹೊತ್ತು ತಂದ
ಹಸಿರು ಕಬ್ಬಿಣದ ಟ್ರಂಕು.
ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅವನ ಹೆಸರು
ಅರ್ಧ ಉದುರಿ, ಈಗ ಬೇರೆ ಯಾರದೋ ಹೆಸರಾಗಿತ್ತು.

ತುಕ್ಕಿನ ಜೊತೆ ಜಗಳಕ್ಕೆ ನಿಲ್ಲಬಾರದು,
ಚಿಮಣಿ ಎಣ್ಣೆ ಬಿಟ್ಟು ಕಾಯಬೇಕು.
ನಾನು ಕಾದೆ. ಅವರು ಮಾತಾಡಿದರು:
ನಾಲ್ಕು ತೊಲೆಯ ಸರ ಯಾರಿಗೆ ಎಂದಿದ್ದಳು,
ಪಾಟ್ಲಿ ಬಳೆ ಕೊನೆಗೆ ನೋಡಿದವರು ಯಾರು.
ಅಷ್ಟು ಮೆಲ್ಲಗೆ ಜಗಳಾಡುವುದನ್ನು
ಪಾಪನಿವೇದನೆಯ ಗೂಡಿನ ಮುಂದೆ ಕಲಿತಿರಬೇಕು.

ಕೂತಲ್ಲಿಂದ ಅಡುಗೆಮನೆ ಕಾಣುತ್ತಿತ್ತು.
ಅಲ್ಲೇ, ಹನ್ನೊಂದರ ವಯಸ್ಸಲ್ಲಿ, ಒಂದು ನತಾಲದ ಹಿಂದಿನ ರಾತ್ರಿ
ಛತ್ರಿಕಡ್ಡಿ ಬಗ್ಗಿಸಿ ಕಪಾಟಿನ ಬೀಗ ತೆಗೆದಿದ್ದೆ,
ಒಂದು ತುಂಡು ದೊದೊಲಿಗೆ.
ಬಾಯಲ್ಲಿ ಬೆಲ್ಲ ಕರಗುವ ಮೊದಲೇ ಸಿಕ್ಕಿಬಿದ್ದೆ.
ಕಡ್ಡಿ ನೋಡಿದಳು, ಬೀಗ ನೋಡಿದಳು.
‘ಕೈ ಜಾಣ ಇದೆ ಮಾರಾಯ, ಹೋಗುವ ಬಾಗಿಲು ತಪ್ಪಿದೆ.’
ಹಬ್ಬ ಕಳೆದು ಮೂರನೇ ದಿನ
ಬಂದರು ರಸ್ತೆಯ ಇಮಾಮ್ ಸಾಬರ ಅಂಗಡಿಗೆ
ತಾನೇ ಕರೆದೊಯ್ದು ಕೈಯಲ್ಲಿ ಹೊಸ ಅರ ಇಟ್ಟಳು.
ಆ ವರ್ಷವಿಡೀ ನಮ್ಮ ಮನೆಗೆ ಅಕ್ಕಿ ಬಂತು.
ಎಲ್ಲಿಂದ ಎಂದು ಮಾಯ್ ಕೇಳಲಿಲ್ಲ.
ಹಸಿದವರು ಕೇಳುವುದಿಲ್ಲ.

ಕಟಕ್. ಬೀಗ ಬಿಟ್ಟಿತು.

ಮೇಲೆ ಮದುವೆಯ ಸೀರೆ, ಮುಟ್ಟಿದಲ್ಲಿ ಹುಡಿ.
ಅದರಡಿ ಗಂಡ ಬಚ್ಚಿಟ್ಟ ನೋಟಿನ ಕಟ್ಟು:
ಸರಕಾರ ಬೇಡವೆಂದದ್ದನ್ನು
ಬುಡದ ತೂತಿನಿಂದ ಬಂದ ಗೆದ್ದಲು ಬೇಕೆಂದಿತ್ತು.
ಲಿಗೋರ್ ನಕ್ಕ. ಆಮೇಲೆ ನಗಲಿಲ್ಲ.
ಬಳೆಯ ಡಬ್ಬಿ ಇತ್ತು, ಬಳೆ ಇರಲಿಲ್ಲ.
ಆ ಜಾಗದಲ್ಲಿ ಅಡವಿನ ಚೀಟಿ, ಒಂಬತ್ತು.
ಒಂದನ್ನೂ ಬಿಡಿಸಿಕೊಂಡ ಗುರುತಿಲ್ಲ.
‘ಯಾರಿಗೆ ಸುರಿದಳೋ,’ ಎಂದಳು ಎಸ್ಪೆರಾನ್ಸ್,
ಖಾಲಿ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ.

ತೀರ ಕೆಳಗಿನ ಚೀಟಿಯ ತಾರೀಖು ಡಿಸೆಂಬರ್ ಇಪ್ಪತ್ತೇಳು.
ವರ್ಷವನ್ನು ಹುಳ ತಿಂದಿತ್ತು.
ತಿನ್ನದಿದ್ದರೆ ನನಗೆ ಗೊತ್ತಾಗುತ್ತಿತ್ತು.
ಗೊತ್ತಾಗುವುದು ಬೇಡವೆಂದು
ತನ್ನ ಎಡಗೈಗೂ ಹೇಳದವಳು
ಹುಳಕ್ಕೆ ಮಾತ್ರ ಹೇಳಿಟ್ಟಿದ್ದಳೋ ಏನೋ.

ಮಕ್ಕಳಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ.
ಇನಾಸ್ ಇನ್ನೂರು ಕೊಟ್ಟ. ತಗೊಂಡೆ.
ಬೇಡ ಅನ್ನಬೇಕೆಂದು ಹೊಸ್ತಿಲ ತನಕ ಅಂದುಕೊಂಡೆ,
ಹೊಸ್ತಿಲಲ್ಲಿ ಮಗಳ ಫೀಸು ನೆನಪಾಯಿತು.
ಇದನ್ನೂ ಬರೆದಿಟ್ಟುಕೊಳ್ಳಲಿ, ಬರೆಯುವವನು.

ಸಂಜೆ ಸಿಮಿತ್ರಿಗೆ ಹೋದೆ.
ಗೇಟಿನ ಕೊಂಡಿ ತುಕ್ಕು ತಿಂದು ಕಳಚಿಬಿದ್ದಿದೆ,
ಸರಿಮಾಡು ಎಂದು ಪಾದ್ರಿಗಳು ಎರಡು ಸಲ ಹೇಳಿದ್ದರು.
ಒಳಗೆ ಕದಿಯುವಂಥದ್ದು ಏನಿದೆ ಎಂದು ನಾನೇ ಬಿಟ್ಟಿದ್ದೆ.
ಹಸಿಮಣ್ಣು. ಇನ್ನೂ ಹೆಸರು ಬರೆಯದ ಮರದ ಶಿಲುಬೆ.
ಚೀಲದಿಂದ ಅರ ತೆಗೆದು ನೋಡಿದೆ,
ಹಲ್ಲು ಸವೆದು ಬೆರಳಿಗೆ ನುಣುಪು.
ದಿನಾ ಕೈ ತಾಗುವುದಕ್ಕೆ ಬೇಗ ತುಕ್ಕು ಹತ್ತುವುದಿಲ್ಲ.
ಆದರೂ ಕಬ್ಬಿಣ ಕಬ್ಬಿಣವೇ.
ಕಾಳಿಯ ಹಳೆ ಸೇತುವೆಯೇ ಒಂದು ರಾತ್ರಿ ನೀರಿಗಿಳಿಯಿತು.
ಇದೂ ಹೋಗುತ್ತದೆ, ನಾನೂ.

ಹೋಗದೆ ಉಳಿಯುವುದು ಯಾವುದು ಎಂಬುದನ್ನು
ಪಾದ್ರಿಗಳು ಓದಿಕೊಂಡಿದ್ದಾರೆ, ಚೆನ್ನಾಗಿ ಹೇಳುತ್ತಾರೆ.
ನನಗೆ ಗೊತ್ತಿರುವುದು ಇಷ್ಟು:
ಕತ್ತಲಲ್ಲಿ, ಬಳೆ ಸದ್ದು ಮಾಡುತ್ತ ಬಂದು
ನನ್ನ ಮಣಿಕಟ್ಟು ಹಿಡಿದ ಕೈ
ಬಿಗಿ ಮಾಡಲಿಲ್ಲ.